ಯಾರಿಗೆ ಸಾಲ ಹುಟ್ಟುತ್ತದೆ?

(ಅಧ್ಯಯನ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಪದ್ಯ ಬರೆಯುವವರನ್ನು ಕರೆದು ಹಣಕಾಸಿನ ಬಗ್ಗೆ ಮಾತಾಡಿ ಅಂದಿದ್ದೀರಿ. ಏಷ್ಯಾದ ಬಡ ದೇಶಗಳು ಬೆಳೆಯುವುದಕ್ಕೆ ಹಣಕಾಸು ಹೇಗೆ ನೆರವಾಯಿತು ಅನ್ನುವುದು ನಮಗೆ ಕೊಟ್ಟ ವಿಷಯ. ಆರ್ಟ್ಸ್ ಡಿಗ್ರಿಯಲ್ಲಿ ಅರ್ಥಶಾಸ್ತ್ರ ಅಂತ ಒಂದು ವಿಷಯ ನಮಗೂ ಇತ್ತು. ಉಳಿತಾಯ, ಹೂಡಿಕೆ, ಬಂಡವಾಳ ಅಂತ ಮೂರು ಪದಗಳನ್ನು ಉರು ಹೊಡೆಸಿದರು. ಆ ಉಳಿತಾಯ ಯಾರ ಮನೆಯಿಂದ ಹೊರಟು ಯಾರ ಮನೆ ಸೇರುತ್ತೆ ಅನ್ನುವ ಪ್ರಶ್ನೆ ಪರೀಕ್ಷೆಗೆ ಬರಲಿಲ್ಲ. ಇವತ್ತು ಆ ಪ್ರಶ್ನೆಯನ್ನೇ ಹಿಡಿದುಕೊಂಡು ಮಾತಾಡೋಣ.

ನಮ್ಮ ಕಡೆ ಒಂದು ಮಾತಿದೆಯಲ್ಲ, 'ಎಲ್ಲೂ ಸಾಲ ಹುಟ್ಟಲಿಲ್ಲ' ಅಂತ. ಮಗು ಹುಟ್ಟಿದ ಹಾಗೆ, ಬೆಳೆ ಹುಟ್ಟಿದ ಹಾಗೆ ಸಾಲವೂ ಹುಟ್ಟಬೇಕು. ಗೌಡನಿಗೆ ಸಾಲ ಹುಟ್ಟಿದರೆ ಪಂಪ್‌ಸೆಟ್ ಬರುತ್ತೆ, ಟ್ರ್ಯಾಕ್ಟರ್ ಬರುತ್ತೆ. ಕೇರಿಯವನಿಗೆ ಸಾಲ ಹುಟ್ಟಿದರೆ ಅವನ ಮಗ ಗೌಡನ ಮನೆಗೆ ಜೀತಕ್ಕೆ ಹೋಗುತ್ತಿದ್ದ. ಪದ ಒಂದೇ, ಸಾಲ. ಒಂದು ಕಡೆ ಅದು ಬಂಡವಾಳ, ಇನ್ನೊಂದು ಕಡೆ ಅದು ಕೊರಳ ಹಗ್ಗ. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ನೋಡದೆ ಹಣಕಾಸಿನಿಂದ ಅಭಿವೃದ್ಧಿ ಅಂತ ಮಾತಾಡಿದರೆ ಅದು ಮೇಲ್ಮಾತು ಆಗುತ್ತೆ.

ಪಂಡಿತರು ಹೇಳುವುದು ಇಷ್ಟು. ಬಡ ದೇಶದಲ್ಲಿ ದುಡ್ಡು ಇಲ್ಲ ಅಂತಲ್ಲ. ಅದು ಚೂರು ಚೂರಾಗಿ ಹರಿದು ಹಂಚಿಹೋಗಿರುತ್ತೆ, ಅಕ್ಕಿ ಡಬ್ಬಿಯಲ್ಲಿ, ಮೂಗುಬಟ್ಟಿನಲ್ಲಿ, ಎರಡು ಮೇಕೆಯಲ್ಲಿ. ಬ್ಯಾಂಕು ಅದನ್ನೆಲ್ಲ ಒಂದು ಕಡೆ ಕೂಡಿಸಿ, ಕಾರ್ಖಾನೆ ಕಟ್ಟುವವನ ಕೈಗೆ ಕೊಡುತ್ತೆ. ಅವನು ಕೆಲಸ ಕೊಡುತ್ತಾನೆ. ಕೂಲಿಯಿಂದ ಮತ್ತೆ ಉಳಿತಾಯ ಆಗುತ್ತೆ. ಇದು ಸುಳ್ಳಲ್ಲ, ಹೀಗೆ ಆಗಿರುವ ದೇಶಗಳಿವೆ. ಆದರೆ ಕೂಡಿಸುವುದಕ್ಕೂ ಕೊಡುವುದಕ್ಕೂ ನಡುವೆ ಒಂದು ಮೇಜು ಇದೆ. ಮೇಜಿನ ಹಿಂದೆ ಒಬ್ಬ ಕೂತಿದ್ದಾನೆ. ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡುವವನು ಅವನು. ಆ ಮೇಜಿನ ಕಥೆ ಹೇಳುತ್ತೇವೆ.

ಮೊದಲು ದಕ್ಷಿಣ ಕೊರಿಯಾ. ಎಲ್ಲರೂ ಉದಾಹರಣೆಗೆ ಎತ್ತಿಕೊಳ್ಳುವ ದೇಶ ಅದು. 1910ರಿಂದ 1945ರವರೆಗೆ ಜಪಾನಿನ ಕಾಲಡಿ ಇತ್ತು. ಆಮೇಲೆ ದೇಶ ಎರಡು ಹೋಳಾಯಿತು. 1950ರಿಂದ 53ರವರೆಗೆ ಯುದ್ಧ ನಡೆದು ಸೋಲ್ ನಗರವೇ ಬೂದಿಯಾಯಿತು. 1960ರ ಹೊತ್ತಿಗೆ ಅಲ್ಲಿಯ ಒಬ್ಬ ಮನುಷ್ಯನ ವರ್ಷದ ಸರಾಸರಿ ಆದಾಯ 100 ಡಾಲರ್ ಕೂಡ ಇರಲಿಲ್ಲ. ನಮ್ಮಷ್ಟೇ ಬಡವರು. ಇವತ್ತು ಅವರ ಕಾರು, ಅವರ ಟಿವಿ, ಅವರ ಫೋನು ನಮ್ಮ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿದೆ.

ಇದನ್ನು ಹೇಳುವವರು ಸಾಮಾನ್ಯವಾಗಿ 1961ರಿಂದ ಶುರು ಮಾಡುತ್ತಾರೆ. ನಾವು ಹನ್ನೆರಡು ವರ್ಷ ಹಿಂದಕ್ಕೆ ಹೋಗುತ್ತೇವೆ. ಯಾಕಂದ್ರೆ ಅದಕ್ಕೆ ಮುಂಚೆ ಅಲ್ಲಿ ಒಂದು ಕೆಲಸ ಆಗಿತ್ತು. 1945ರಲ್ಲಿ ಕೊರಿಯಾದ ಹೊಲಗದ್ದೆಗಳಲ್ಲಿ ಹೆಚ್ಚಿನ ಪಾಲು ಗೇಣಿ ಜಮೀನು. ಉಳುವವನು ಅರ್ಧ ಬೆಳೆಯನ್ನು ಧಣಿಗೆ ಅಳೆದು ಕೊಡಬೇಕಿತ್ತು. ಜಪಾನಿಯರ ಕೈಯಲ್ಲಿದ್ದ ಭೂಮಿಯನ್ನು 1948ರಲ್ಲಿ ರೈತರಿಗೆ ಹಂಚಿದರು. 1949ರಲ್ಲಿ ಭೂಸುಧಾರಣೆ ಕಾನೂನು ಬಂತು, 1950ರಲ್ಲಿ ತಿದ್ದುಪಡಿಯಾಗಿ ಜಾರಿಯಾಯಿತು. ಒಂದು ಕುಟುಂಬಕ್ಕೆ 3 ಹೆಕ್ಟೇರಿನಷ್ಟು ಮಿತಿ, ಅಂದರೆ ನಮ್ಮ ಲೆಕ್ಕದಲ್ಲಿ ಏಳೂವರೆ ಎಕರೆಗೆ ಹತ್ತಿರ. ಅದಕ್ಕಿಂತ ಹೆಚ್ಚಿದ್ದದ್ದು ಉಳುವವನಿಗೆ. ಉಳುವವನು ಬೆಲೆಯಾಗಿ ಕೊಡಬೇಕಾದದ್ದು ಒಂದು ವರ್ಷದ ಬೆಳೆಯ ಒಂದೂವರೆಪಟ್ಟು, ಅದೂ ಐದು ವರ್ಷದ ಕಂತಿನಲ್ಲಿ. ಧಣಿಗಳಿಗೆ ಸರ್ಕಾರ ನಗದು ಕೊಡದೆ ಬಾಂಡು ಕೊಟ್ಟಿತು. ಯುದ್ಧದ ಬೆಲೆಯೇರಿಕೆಯಲ್ಲಿ ಆ ಬಾಂಡು ಕಾಗದದ ಬೆಲೆಗೆ ಇಳಿಯಿತು. ಹಳ್ಳಿಯ ಧಣಿ ಅನ್ನುವ ಜಾತಿಯೇ ಅಲ್ಲಿ ಮುಗಿದುಹೋಯಿತು.

ಇನ್ನೊಂದು ಮಾತು, ನಮ್ಮವರು ಕೇಳಬೇಕಾದದ್ದು. ಕೊರಿಯಾದಲ್ಲೂ ಮುಟ್ಟಿಸಿಕೊಳ್ಳದ ಜನ ಇದ್ದರು. ಬೆಕ್ಜೋಂಗ್ ಅಂತ ಕರೆಯುತ್ತಿದ್ದರು. ದನ ಕಡಿಯುವುದು, ತೊಗಲು ಹದ ಮಾಡುವುದು ಅವರ ಕಸುಬು, ಊರ ಹೊರಗೆ ವಾಸ. 1894ರಲ್ಲೇ ಕಾನೂನಿನಲ್ಲಿ ಆ ಭೇದ ಹೋಗಿತ್ತು, ಜನರಲ್ಲಿ ಹೋಗಿರಲಿಲ್ಲ. 1923ರಲ್ಲಿ ಜಿಂಜು ಅನ್ನುವ ಊರಿನಲ್ಲಿ ಅವರು ಸಂಘ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ತಕ್ಕಡಿಯ ಮೇಲಿನದು, ಎರಡು ತಟ್ಟೆಯೂ ಸಮ ನಿಲ್ಲುವ ತಕ್ಕಡಿ. ಹೋರಾಟ, ಯುದ್ಧ, ವಲಸೆ, ಭೂಮಿಯ ಹಂಚಿಕೆ ಎಲ್ಲ ಸೇರಿ ಆ ಗುರುತು ಅಳಿಸಿಹೋಯಿತು. ನಮ್ಮಲ್ಲಿ ಯಾಕೆ ಅಳಿಯಲಿಲ್ಲ ಅನ್ನುವುದಕ್ಕೆ ಬೇರೆ ಶಿಬಿರ ಬೇಕು. ಇಲ್ಲಿ ಹೇಳುವುದು ಇಷ್ಟೆ: ಬ್ಯಾಂಕು ಸಾಲ ಕೊಡುವುದಕ್ಕೆ ಬರುವ ಮುಂಚೆ ಕೊರಿಯಾದ ರೈತನ ಕೈಯಲ್ಲಿ ಎರಡು ಮೂರು ಎಕರೆ ಸ್ವಂತ ಗದ್ದೆ ಇತ್ತು. ಗೇಣಿ ಉಳಿದದ್ದರಲ್ಲಿ ಮಕ್ಕಳನ್ನು ಓದಿಸಿದ. ಮುಂದೆ ಕಾರ್ಖಾನೆಗೆ ಹೋದದ್ದು ಆ ಓದಿದ ಮಕ್ಕಳೆ.

ಈಗ 1961ಕ್ಕೆ ಬರೋಣ. ಆ ವರ್ಷ ಮೇ ತಿಂಗಳಲ್ಲಿ ಪಾರ್ಕ್ ಚುಂಗ್ ಹೀ ಅನ್ನುವ ಸೇನಾಧಿಕಾರಿ ದಂಗೆಯೆದ್ದು ಅಧಿಕಾರ ಹಿಡಿದ. ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ದೊಡ್ಡ ವ್ಯಾಪಾರಿಗಳನ್ನು ಅಕ್ರಮ ಆಸ್ತಿಯ ಆರೋಪದಲ್ಲಿ ಹಿಡಿದು ಕೂರಿಸಿದ್ದು. ಅವರ ಹತ್ತಿರ ಇದ್ದ ಬ್ಯಾಂಕುಗಳ ಷೇರು ಸರ್ಕಾರಕ್ಕೆ ಬಂತು. ಆಮೇಲೆ ಅವರನ್ನೇ ಬಿಟ್ಟು, ಹೋಗಿ ಕಾರ್ಖಾನೆ ಕಟ್ಟಿ ಅಂದ. 1962ರಲ್ಲಿ ರಿಸರ್ವ್ ಬ್ಯಾಂಕಿನಂಥ ಅವರ ಕೇಂದ್ರ ಬ್ಯಾಂಕನ್ನೂ ಹಣಕಾಸು ಮಂತ್ರಿಯ ಕೈಕೆಳಗೆ ತಂದ. ಅಂದರೆ ಮೇಜಿನ ಹಿಂದೆ ಸರ್ಕಾರವೇ ಕೂತಿತು.

ಆದರೆ ದುಡ್ಡು ಎಲ್ಲಿತ್ತು? ನಮ್ಮಲ್ಲಿ ಚೀಟಿ ಹಾಕುತ್ತಾರಲ್ಲ, ಹತ್ತು ಹನ್ನೆರಡು ಹೆಂಗಸರು ಸೇರಿ ತಿಂಗಳಿಗಿಷ್ಟು ಅಂತ ಹಾಕಿ ಒಬ್ಬೊಬ್ಬರು ಎತ್ತಿಕೊಳ್ಳೋದು, ಹಾಗೇ ಅಲ್ಲಿ 'ಕ್ಯೆ' ಅಂತ ಇದೆ. ಜನರ ದುಡ್ಡು ಅಲ್ಲೇ ಓಡಾಡುತ್ತಿತ್ತು, ಬ್ಯಾಂಕಿಗೆ ಬರುತ್ತಿರಲಿಲ್ಲ. ಬೆಲೆ ಏರುವ ವೇಗದ ಮುಂದೆ ಬ್ಯಾಂಕಿನ ಬಡ್ಡಿ ಏನೇನೂ ಸಾಲದಾಗಿತ್ತು. 1965ರ ಸೆಪ್ಟೆಂಬರಿನಲ್ಲಿ ಠೇವಣಿಯ ಬಡ್ಡಿಯನ್ನು ನೂರಕ್ಕೆ 15ರಿಂದ 30ರವರೆಗೆ ಏರಿಸಿದರು. ಡಬ್ಬಿಯಲ್ಲಿದ್ದ ದುಡ್ಡು ಬ್ಯಾಂಕಿಗೆ ಬಂತು, ಕೆಲವೇ ವರ್ಷಗಳಲ್ಲಿ ಠೇವಣಿ ಹಲವು ಪಟ್ಟಾಯಿತು. ಅದೇ ವರ್ಷ ಜಪಾನಿನ ಜೊತೆ ರಾಜಿಯಾಯಿತು. ಆಳಿದ್ದಕ್ಕೆ ಪ್ರತಿಯಾಗಿ 30 ಕೋಟಿ ಡಾಲರ್ ಹಾಗೇ, 20 ಕೋಟಿ ಡಾಲರ್ ಸರ್ಕಾರಿ ಸಾಲ, ಮೇಲೆ ಖಾಸಗಿ ಸಾಲ. ವಿದ್ಯಾರ್ಥಿಗಳು ಬೀದಿಗಿಳಿದು ಇದನ್ನು ವಿರೋಧಿಸಿದ್ದರು. ನಮ್ಮ ಅಕ್ಕತಂಗಿಯರ ಮೇಲೆ, ನಮ್ಮ ಕೂಲಿಗಳ ಮೇಲೆ ಆದದ್ದಕ್ಕೆ ಇದು ಬೆಲೆಯಾ ಅನ್ನುವುದು ಅವರ ಸಿಟ್ಟು. ಆ ದುಡ್ಡಿನಲ್ಲಿ ಒಂದು ಭಾಗ ಪೋಹಾಂಗ್ ಉಕ್ಕಿನ ಕಾರ್ಖಾನೆಗೆ ಹೋಯಿತು. ಕೊರಿಯಾಕ್ಕೆ ಉಕ್ಕು ಯಾಕೆ, ಲಾಭ ಬರೋಲ್ಲ ಅಂತ ವಿಶ್ವಬ್ಯಾಂಕಿನವರು ಕೈಯಾಡಿಸಿದ್ದ ಕಾರ್ಖಾನೆ ಅದು. 1973ರಲ್ಲಿ ಉಕ್ಕು ಸುರಿಯಿತು.

ಇನ್ನು ಮುಖ್ಯ ಮಾತು. ಠೇವಣಿಗೆ ನೂರಕ್ಕೆ 30ರವರೆಗೆ ಬಡ್ಡಿ ಕೊಡುತ್ತಿದ್ದ ಕಾಲದಲ್ಲಿ, ಹೊರದೇಶಕ್ಕೆ ಸರಕು ಕಳಿಸುವ ಕಂಪನಿಗೆ ಅದೇ ಬ್ಯಾಂಕು ನೂರಕ್ಕೆ ಆರೂವರೆಗೆ ಸಾಲ ಕೊಟ್ಟಿತು. ಲೆಕ್ಕ ಬಲ್ಲವರು ಯಾರಾದರೂ ನಗುತ್ತಾರೆ. ಅದು ಸಾಲವಲ್ಲ, ಬಹುಮಾನ. ಆದರೆ ಒಂದು ಷರತ್ತಿತ್ತು, ಅದೇ ಕೊರಿಯಾದ ಗುಟ್ಟು. ರಫ್ತು ಮಾಡಿ ತೋರಿಸಬೇಕು. ಮಂತ್ರಿಯ ಭಾವಮೈದುನನಾದರೂ ಸರಿ, ಈ ವರ್ಷ ಇಷ್ಟು ಲಕ್ಷ ಡಾಲರಿನ ಅಂಗಿ, ವಿಗ್ಗು, ಪ್ಲೈವುಡ್ ಹಡಗು ಹತ್ತಿಸಲಿಲ್ಲವೋ, ಮುಂದಿನ ವರ್ಷ ಸಾಲ ಇಲ್ಲ. ಲಂಚ ಇರಲಿಲ್ಲ ಅಂತ ನಾವು ಹೇಳುತ್ತಿಲ್ಲ, ಧಾರಾಳವಾಗಿ ಇತ್ತು. ಆದರೆ ಬರೀ ಲಂಚ ಕೊಟ್ಟು ಸಾಲ ನುಂಗಿ ಮಲಗುವ ಹಾಗಿರಲಿಲ್ಲ. 1964ರಲ್ಲಿ ಅವರ ಇಡೀ ದೇಶದ ರಫ್ತು 10 ಕೋಟಿ ಡಾಲರ್. 1977ಕ್ಕೆ 1000 ಕೋಟಿ. ಹದಿಮೂರು ವರ್ಷಕ್ಕೆ ನೂರು ಪಟ್ಟು.

ಹ್ಯುಂಡೈ ಕಂಪನಿಯ ಚುಂಗ್ ಜು ಯುಂಗ್ ಬಡ ರೈತನ ಮಗ. 1971ರಲ್ಲಿ ಹಡಗುಕಟ್ಟೆ ಕಟ್ಟಲು ಸಾಲ ಕೇಳಿ ಲಂಡನ್ನಿಗೆ ಹೋದ. ಒಂದು ಹಡಗನ್ನೂ ಕಟ್ಟಿದವನಲ್ಲ. ಜೇಬಿನಿಂದ ತನ್ನ ದೇಶದ 500 ವೋನ್ ನೋಟು ತೆಗೆದು, ಅದರ ಮೇಲಿದ್ದ ಹಳೇ ಕಾಲದ ಆಮೆಯಾಕಾರದ ಯುದ್ಧದ ಹಡಗಿನ ಚಿತ್ರ ತೋರಿಸಿ, ನಾವು ನಿಮಗಿಂತ ಮೊದಲೇ ಹಡಗು ಕಟ್ಟಿದವರು ಅಂದನಂತೆ. ಅವನೇ ಹೇಳಿಕೊಂಡ ಕಥೆ, ಚೆನ್ನಾಗಿದೆ. ಆದರೆ ಸಾಲ ಹುಟ್ಟಿದ್ದು ನೋಟಿನ ಮೇಲಿನ ಚಿತ್ರಕ್ಕಲ್ಲ. ಹಿಂದೆ ಕೊರಿಯಾ ಸರ್ಕಾರ ಜಾಮೀನು ನಿಂತಿತ್ತು. ಈ ಜಾಮೀನು ಅನ್ನುವ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

1972ರ ಆಗಸ್ಟ್ 3ನೇ ತಾರೀಖು ಇನ್ನೊಂದು ವಿಚಿತ್ರ ನಡೆಯಿತು. ಕಂಪನಿಗಳು ಬ್ಯಾಂಕಿನಲ್ಲಿ ಸಾಲದಿದ್ದಕ್ಕೆ ಹೊರಗಿನ ಖಾಸಗಿ ಬಡ್ಡಿ ಸಾಲವನ್ನೂ ಮಾಡಿದ್ದವು, ಕಟ್ಟಲಾರದೆ ಮುಳುಗುತ್ತಿದ್ದವು. ರಾಷ್ಟ್ರಪತಿ ಒಂದು ತುರ್ತು ಆಜ್ಞೆ ಹೊರಡಿಸಿ ಆ ಸಾಲಗಳನ್ನೆಲ್ಲ ತಡೆಹಿಡಿದ. ಮೂರು ವರ್ಷ ಅಸಲು ಕಟ್ಟುವ ಹಾಗಿಲ್ಲ, ಆಮೇಲೆ ಐದು ವರ್ಷದ ಕಂತು, ಬಡ್ಡಿ ತಿಂಗಳಿಗೆ ನೂರಕ್ಕೆ 1.35 ಮಾತ್ರ. ಕಂಪನಿಗಳು ಬದುಕಿಕೊಂಡವು. ದುಡ್ಡು ಕೊಟ್ಟವರಲ್ಲಿ ದೊಡ್ಡ ಬಡ್ಡಿ ವ್ಯಾಪಾರಿಗಳೂ ಇದ್ದರು, ಗಂಟು ಕಟ್ಟಿಟ್ಟ ಸಾಮಾನ್ಯರೂ ಇದ್ದರು. ಅವರು ಬಾಯಿ ಬಿಡುವ ಹಾಗಿರಲಿಲ್ಲ, ಅಲ್ಲಿ ಇದ್ದದ್ದು ಸರ್ವಾಧಿಕಾರ.

ಇದಕ್ಕೆ ಪಕ್ಕದಲ್ಲಿ ನಮ್ಮ ರಾಜ್ಯವನ್ನು ಇಟ್ಟು ನೋಡಿ. ನಾಲ್ಕು ವರ್ಷದ ಮೇಲೆ, 1976ರಲ್ಲಿ, ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾನೂನು ತಂದಿತು. ಸಣ್ಣ ರೈತರು, ಭೂಮಿಯಿಲ್ಲದ ಕೂಲಿಗಳು ಸಾಹುಕಾರನಿಗೆ ಕೊಡಬೇಕಾದ ಸಾಲ ತೀರಿಹೋಯಿತು, ಅಡವಿಟ್ಟ ಒಡವೆ ಪಾತ್ರೆ ವಾಪಸ್ಸು ಕೊಡಬೇಕು ಅಂತ. ಜೀತ ರದ್ದಾದದ್ದೂ ಅದೇ ಹೊತ್ತಿನಲ್ಲಿ. ಅಲ್ಲಿ ಮನ್ನಿಸಿದ್ದು ಕಂಪನಿಯ ಸಾಲ, ಇಲ್ಲಿ ಮನ್ನಿಸಿದ್ದು ಕೇರಿಯ ಸಾಲ. ನಮಗೆ ಅರಸರ ಕಾನೂನಿನ ಮೇಲೆ ಗೌರವ ಇದೆ. ಆದರೆ ನಮ್ಮ ಹಿರಿಯರು ಹೇಳುವ ಇನ್ನೊಂದು ಮಾತನ್ನೂ ಹೇಳಬೇಕು. ಹಳೇ ಸಾಲ ಹೋಯಿತು, ಹೊಸದು ಹುಟ್ಟಲಿಲ್ಲ. ಸಾಹುಕಾರ ಬಾಗಿಲು ಹಾಕಿಕೊಂಡ, ಬ್ಯಾಂಕಿನ ಬಾಗಿಲು ತೆರೆಯಲಿಲ್ಲ. ಬಿತ್ತನೆ ಬಂದಾಗ ಮತ್ತೆ ಅದೇ ಸಾಹುಕಾರನ ಹಿತ್ತಲ ಬಾಗಿಲಿಗೆ ಹೋಗಿ ನಿಂತರು.

ಕೊರಿಯಾದ ಬೆಳವಣಿಗೆಗೆ ಬೆಲೆ ಕೊಟ್ಟವರು ಯಾರು ಅನ್ನುವುದನ್ನು ಹೇಳದೆ ಮುಂದೆ ಹೋಗಬಾರದು. ಬಾಬಾಸಾಹೇಬರು 1923ರಲ್ಲಿ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆ ಕುರಿತ ತಮ್ಮ ಪ್ರೌಢ ಪ್ರಬಂಧವನ್ನು ಪುಸ್ತಕ ಮಾಡಿದರು. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯವನ್ನೂ ಕೊಟ್ಟರು. ರಿಸರ್ವ್ ಬ್ಯಾಂಕನ್ನು ಅವರೊಬ್ಬರೇ ಹುಟ್ಟಿಸಿದರು ಅಂತ ಭಾಷಣಗಳಲ್ಲಿ ಹೇಳುವುದುಂಟು, ಅಷ್ಟು ಹಿಗ್ಗಿಸಿ ಹೇಳುವ ಅಗತ್ಯ ಅವರಿಗಿಲ್ಲ. ಅವರು ಹೇಳಿದ್ದೇ ಸಾಕಷ್ಟು ದೊಡ್ಡದು. ರೂಪಾಯಿಯ ಬೆಲೆ ಇಳಿದಾಗ ರಫ್ತು ಹೆಚ್ಚಿತು, ದೇಶಕ್ಕೆ ಲಾಭವಾಯಿತು ಅಂತ ಆಗಿನ ಪಂಡಿತರು ಹೇಳುತ್ತಿದ್ದರು. ಬಾಬಾಸಾಹೇಬರು ಲೆಕ್ಕ ತೆಗೆದು ಕೇಳಿದರು, ಆ ಲಾಭ ಹೊರಗಿನಿಂದ ಬಂದದ್ದಾ? ಅಲ್ಲ. ಬೆಲೆ ಏರಿದಷ್ಟು ಕೂಲಿ ಏರಲಿಲ್ಲ. ಕೂಲಿಯವನು ಕಳೆದುಕೊಂಡದ್ದೇ ವ್ಯಾಪಾರಿಯ ಲಾಭ. ಒಂದು ವರ್ಗದ ಜೇಬಿನಿಂದ ಇನ್ನೊಂದು ವರ್ಗದ ಜೇಬಿಗೆ ಹೋಯಿತು, ಅಷ್ಟೆ.

ಅದೇ ಪ್ರಶ್ನೆಯನ್ನು ಕೊರಿಯಾಕ್ಕೆ ಕೇಳಿ. ಸೋಲ್ ನಗರದ ಪ್ಯೊಂಗ್‌ಹ್ವಾ ಮಾರುಕಟ್ಟೆಯ ಮಾಳಿಗೆಗಳಲ್ಲಿ ಸಣ್ಣ ಹುಡುಗಿಯರು ಬೆನ್ನು ನೆಟ್ಟಗೆ ಮಾಡಲಾಗದ ಜಾಗದಲ್ಲಿ ಕೂತು, ದೂಳು ಕುಡಿದು ಬಟ್ಟೆ ಹೊಲಿಯುತ್ತಿದ್ದರು. ಜಿಯೊನ್ ತೆ ಇಲ್ ಅಂತ ಒಬ್ಬ ದರ್ಜಿ ಹುಡುಗ. ಕಾರ್ಮಿಕ ಕಾನೂನು ಅಂತ ಒಂದು ಇದೆ ಎನ್ನುವುದನ್ನು ಪತ್ತೆ ಮಾಡಿ, ಪುಸ್ತಕ ಕೊಂಡು ಓದಿ, ಅಧಿಕಾರಿಗಳಿಗೆ ಅರ್ಜಿ ಬರೆದು ಬರೆದು ಸಾಕಾಗಿ, 1970ರ ನವೆಂಬರ್ 13ರಂದು ಆ ಕಾನೂನಿನ ಪುಸ್ತಕದ ಜೊತೆಗೇ ಮೈಗೆ ಬೆಂಕಿ ಹಚ್ಚಿಕೊಂಡ. ನಾವು ಯಂತ್ರಗಳಲ್ಲ ಅಂತ ಕೂಗುತ್ತಾ ಓಡಿದ. ವಯಸ್ಸು 22. ಆರೂವರೆ ಬಡ್ಡಿಯ ರಫ್ತು ಸಾಲದ ಇನ್ನೊಂದು ಮುಖ ಅದು. ಅವನ ನಂತರ ಅಲ್ಲಿ ಕಾರ್ಮಿಕ ಸಂಘಗಳು ಬಲಗೊಂಡವು. 1987ರಲ್ಲಿ ಸರ್ವಾಧಿಕಾರ ಬಗ್ಗಿದ ಮೇಲೆ ಕೂಲಿಯೂ ಏರಿತು. ಏರಿಸಿಕೊಂಡರು ಅನ್ನಬೇಕು, ಯಾರೂ ಏರಿಸಿ ಕೊಡಲಿಲ್ಲ.

1997ರ ಕಥೆಯನ್ನು ಬೇಗ ಹೇಳಿಬಿಡುತ್ತೇವೆ. ಆ ಹೊತ್ತಿಗೆ ಹೊರದೇಶದ ಬ್ಯಾಂಕುಗಳಿಂದ ಅಲ್ಪಾವಧಿ ಸಾಲ ತಂದು ದೀರ್ಘಾವಧಿ ಕೆಲಸಕ್ಕೆ ಹಾಕಿದ್ದರು. ಜುಲೈಯಲ್ಲಿ ಥೈಲ್ಯಾಂಡಿನ ಹಣ ಕುಸಿಯಿತು, ಬೆಂಕಿ ಇಂಡೋನೇಷ್ಯಾಕ್ಕೆ ಹತ್ತಿತು, ವರ್ಷದ ಕೊನೆಗೆ ಕೊರಿಯಾಕ್ಕೆ ಬಂತು. ಸಾಲ ಕೊಟ್ಟವರೆಲ್ಲ ಒಟ್ಟಿಗೆ ವಾಪಸ್ಸು ಕೇಳಿದರು. ಡಿಸೆಂಬರಿನಲ್ಲಿ ಐ.ಎಂ.ಎಫ್. ಮುಂದೆ ಕೈಯೊಡ್ಡಿ ನಿಂತರು. ಮರುವರ್ಷ ನೂರಕ್ಕೆ ಏಳು ಜನ ಕೆಲಸವಿಲ್ಲದೆ ಕೂತರು. ದೇಶದ ಸಾಲ ತೀರಿಸಲು 35 ಲಕ್ಷ ಜನ ತಾಳಿ ಉಂಗುರ ಬಿಚ್ಚಿದ ಹಾಗೆ ಮನೆಯ ಚಿನ್ನ ತಂದು ಕೊಟ್ಟರು, 220 ಟನ್ನಿಗೂ ಹೆಚ್ಚು. ಇದನ್ನು ದೇಶಭಕ್ತಿಯ ಕಥೆಯಾಗಿ ಹೇಳುತ್ತಾರೆ. ಸಾಲ ಮಾಡಿದವರು ಯಾರು, ಉಂಗುರ ಬಿಚ್ಚಿದವರು ಯಾರು ಅಂತ ನಮಗೆ ಅನ್ನಿಸಿತು.

ಇನ್ನು ಬಾಂಗ್ಲಾದೇಶ. ಬಾಂಗ್ಲಾ ಅಂದ ತಕ್ಷಣ ಗ್ರಾಮೀಣ ಬ್ಯಾಂಕ್ ಅಂತೀರಿ. 1974ರ ಬರದಲ್ಲಿ ಜನ ಬೀದಿಯಲ್ಲಿ ಸತ್ತರು. 1976ರಲ್ಲಿ ಚಿತ್ತಗಾಂಗಿನ ವಿಶ್ವವಿದ್ಯಾಲಯದ ಪಕ್ಕದ ಜೋಬ್ರಾ ಹಳ್ಳಿಯಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನುಸ್ ಲೆಕ್ಕ ಹಾಕಿದಾಗ, 42 ಜನ ಸಾಹುಕಾರರಿಗೆ ಕೊಡಬೇಕಾದ ಸಾಲ ಒಟ್ಟು 856 ಟಾಕಾ. ನಲವತ್ತೆರಡು ಸಂಸಾರದ ಕೊರಳ ಹಗ್ಗದ ಬೆಲೆ ಅಷ್ಟೆ. ಜೇಬಿನಿಂದ ಕೊಟ್ಟರು. ಆಮೇಲೆ ಬ್ಯಾಂಕಿಗೆ ಹೋದರೆ, ಬಡವರಿಗೆ ಜಾಮೀನು ಇಲ್ಲ, ಸಾಲ ಇಲ್ಲ ಅಂದರು. ಆಗ ಐದೈದು ಜನರ ಗುಂಪನ್ನೇ ಜಾಮೀನು ಮಾಡಿದರು. 1983ರಲ್ಲಿ ಅದು ಸ್ವತಂತ್ರ ಬ್ಯಾಂಕಾಯಿತು. ಸಾಲಗಾರರಲ್ಲಿ ಹೆಂಗಸರೇ ಹೆಚ್ಚು. 2006ರಲ್ಲಿ ನೊಬೆಲ್ ಶಾಂತಿ ಬಹುಮಾನವೂ ಬಂತು.

ಅದನ್ನು ನಾವು ಹಗುರ ಮಾಡುವುದಿಲ್ಲ. ಹೆಂಗಸಿನ ಸಹಿಗೆ ಬೆಲೆ ಬಂದದ್ದು ಸಣ್ಣ ವಿಷಯ ಅಲ್ಲ. ಆದರೆ ಬಾಂಗ್ಲಾದಲ್ಲಿ ಅದಕ್ಕಿಂತ ಹೆಚ್ಚು ಜನಕ್ಕೆ ತಿಂಗಳ ಸಂಬಳ ಕೊಡಿಸಿದ ಹಣಕಾಸು ಬೇರೆ, ಅದರ ಹೆಸರು ಯಾರಿಗೂ ಗೊತ್ತಿಲ್ಲ. ಬ್ಯಾಕ್ ಟು ಬ್ಯಾಕ್ ಎಲ್.ಸಿ. ಅಂತಾರೆ. ಏನಪ್ಪಾ ಅಂದ್ರೆ, ಅಮೆರಿಕದ ಅಂಗಡಿಯವನು ಇಷ್ಟು ಸಾವಿರ ಅಂಗಿ ಬೇಕು ಅಂತ ಒಂದು ಬ್ಯಾಂಕಿನ ಖಾತರಿ ಪತ್ರ ಕಳಿಸುತ್ತಾನೆ. ಢಾಕಾದ ಬ್ಯಾಂಕು ಆ ಪತ್ರವನ್ನೇ ಆಧಾರ ಮಾಡಿಕೊಂಡು ಬಟ್ಟೆ ತರಿಸಲು ಇನ್ನೊಂದು ಖಾತರಿ ಪತ್ರ ಕೊಡುತ್ತೆ. ಅಂಗಿ ಹೊಲಿದು ಕಳಿಸಿ, ದುಡ್ಡು ಬಂದ ಮೇಲೆ ಬಟ್ಟೆಯ ಸಾಲ ತೀರುತ್ತೆ. ಕಾರ್ಖಾನೆಯವನ ಹತ್ತಿರ ಬಟ್ಟೆಗೆ ಕಾಸಿರಬೇಕಾಗಿಲ್ಲ. ಆರ್ಡರೇ ಜಾಮೀನು. 1979ರಲ್ಲಿ ಅಲ್ಲಿಯ ದೇಶ್ ಗಾರ್ಮೆಂಟ್ಸ್ ಅನ್ನುವ ಕಂಪನಿ 130 ಜನರನ್ನು ಹೊಲಿಗೆ ಕಲಿಯಲು ಕಳಿಸಿತು. ಎಲ್ಲಿಗೆ ಗೊತ್ತಾ? ಕೊರಿಯಾದ ಡೇವೂ ಕಂಪನಿಗೆ. ಜಿಯೊನ್ ತೆ ಇಲ್ ಸತ್ತ ದೇಶದಿಂದ ಆ ಕಸುಬು ಬಾಂಗ್ಲಾಕ್ಕೆ ಹೀಗೆ ನಡೆದುಬಂತು. ಇವತ್ತು ಲಕ್ಷಾಂತರ ಹೆಂಗಸರು ಅಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿದ್ದಾರೆ. 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದು 1100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿದ್ದನ್ನು ಎಲ್ಲರೂ ನೋಡಿದ್ದರು, ಆದರೂ ಒಳಕ್ಕೆ ಕಳಿಸಿದರು. ಕೆಲಸ ಬಂತು, ಸಾವೂ ಜೊತೆಗೇ ಬಂತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕಾದ ಕಷ್ಟ ನಮ್ಮದು.

ಈಗ ನಮ್ಮ ದೇಶ. 1951-52ರಲ್ಲಿ ರಿಸರ್ವ್ ಬ್ಯಾಂಕು ಹಳ್ಳಿ ಸಾಲದ ದೊಡ್ಡ ಸರ್ವೆ ಮಾಡಿಸಿತು. ರೈತರು ಪಡೆದ ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ನೂರಕ್ಕೆ ಒಂದೂ ಇರಲಿಲ್ಲ, ಸಹಕಾರ ಸಂಘಗಳದ್ದು ಮೂರು, ಲೇವಾದೇವಿಯವರದ್ದು ಸುಮಾರು ಎಪ್ಪತ್ತು. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಆಗ ದೇಶದಲ್ಲಿ ಇದ್ದ ಶಾಖೆಗಳು 8 ಸಾವಿರ ಚಿಲ್ಲರೆ, 1990ಕ್ಕೆ ಸುಮಾರು 60 ಸಾವಿರ. 1977ರಿಂದ 90ರವರೆಗೆ ಒಂದು ಕಟ್ಟಳೆ ಇತ್ತು. ಪೇಟೆಯಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ಊರುಗಳಲ್ಲಿ ನಾಲ್ಕು ತೆರೆಯಬೇಕು. ಹಾಗೆ ಶಾಖೆ ಹೋದ ಕಡೆ ಹಳ್ಳಿಯ ಬಡತನ ಇಳಿಯಿತು ಅಂತ ಆಮೇಲೆ ಅಂಕಿಅಂಶ ಜೋಡಿಸಿದ ಪಂಡಿತರೂ ಒಪ್ಪಿದ್ದಾರೆ. ಬ್ಯಾಂಕುಗಳಿಗೆ ನಷ್ಟವಾಯಿತು ಅಂತ ಗೊಣಗಿದವರೇ ಹೆಚ್ಚು ಪೇಪರಿನಲ್ಲಿ ಬಂದರು.

1972ರಲ್ಲಿ ಕಡುಬಡವರಿಗೆ ನೂರಕ್ಕೆ ನಾಲ್ಕರ ಬಡ್ಡಿಯ ಸಾಲ ಅಂತ ಬಂತು. ಅದರಲ್ಲಿ ನೂರಕ್ಕೆ 40 ಪಾಲು ಪರಿಶಿಷ್ಟ ಜಾತಿ ವರ್ಗದವರಿಗೆ ಹೋಗಬೇಕು ಅಂತ ನಿಯಮ ಮಾಡಿದರು. ಬ್ಯಾಂಕು ಕೊಟ್ಟ ಒಟ್ಟು ಸಾಲದಲ್ಲಿ ಇದಕ್ಕೆ ಇಟ್ಟ ಪಾಲು ನೂರಕ್ಕೆ ಒಂದು. ನೂರಕ್ಕೆ ಒಂದರಲ್ಲಿ ನಲವತ್ತು! ಅದನ್ನೂ ಪಡೆಯಲು ಹೋದರೆ ಏನಾಗುತ್ತೆ ಅಂತ ನಮಗೆ ಗೊತ್ತು. ನಾವು ನಾಲ್ಕು ಜನ ಓದಿದ ಹುಡುಗರು ಒಂದು ಪ್ರಿಂಟಿಂಗ್ ಮೆಷೀನಿಗೆ ಸಾಲ ಕೇಳಿ ಒಂದು ಬ್ಯಾಂಕಿನ ಶಾಖೆಗೆ ಹೋಗಿದ್ದೆವು. ಯೋಜನೆಯಲ್ಲಿ ಜಾಮೀನು ಬೇಡ ಅಂತ ಬರೆದಿತ್ತು. ಮ್ಯಾನೇಜರು ನಗುನಗುತ್ತಾ ಕಾಫಿ ಕೊಡಿಸಿದರು. ಕಾಗದ ಎಲ್ಲ ಸರಿಯಾಗಿದೆ, ಊರಿನ ಯಾರಾದರೂ ದೊಡ್ಡವರು ಬಂದು ಒಂದು ಮಾತು ಹೇಳಿದರೆ ಸಾಕು, ನಮ್ಮ ಸಮಾಧಾನಕ್ಕೆ ಅಂದರು. ಊರಿನ ದೊಡ್ಡವರು ಯಾರು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಚುಂಗ್ ಜು ಯುಂಗ್‌ಗೆ ಸರ್ಕಾರ ಜಾಮೀನು ನಿಂತಿತ್ತು. ನಮಗೆ ಗೌಡ ಜಾಮೀನು ನಿಲ್ಲಬೇಕಂತೆ.

ನಮ್ಮ ಕರಾವಳಿಯ ಕಥೆ ಇಲ್ಲಿ ನೆನಪಾಗುತ್ತೆ. 1906ರಲ್ಲಿ ಕೆನರಾ ಬ್ಯಾಂಕು ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಉಡುಪಿಯಲ್ಲಿ ಹುಟ್ಟಿದವು. 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕು ಶುರುವಾಯಿತು, ಬಂಡವಾಳ ಬರೀ 8 ಸಾವಿರ ರೂಪಾಯಿ, ಕೈಮಗ್ಗದ ನೇಕಾರರು ಮುಳುಗುತ್ತಿದ್ದ ಕಾಲ. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು, ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ಕಟ್ಟಿಸಿಕೊಳ್ಳುವುದು. ಕೊರಿಯಾದವರು 1965ರಲ್ಲಿ ಮಾಡಿದ್ದನ್ನು ಇವರು ಎರಡಾಣೆಯಲ್ಲಿ ಮಾಡಿದರು. ಆ ಬ್ಯಾಂಕುಗಳು ಬೆಳೆದು ದೇಶ ತುಂಬಿದವು. ಸಿಂಡಿಕೇಟ್ 2020ರಲ್ಲಿ ಕೆನರಾದೊಳಗೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿನೊಳಗೆ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಕರಗಿಹೋದವು. ಬಡವನಿಂದ ಎರಡಾಣೆ ತೆಗೆದುಕೊಳ್ಳಲು ಮನೆ ಬಾಗಿಲಿಗೆ ಬರಲು ಸಾಧ್ಯವಾಯಿತಲ್ಲ, ಹಾಗಾದರೆ ಸಾಲ ಕೊಡಲೂ ಮನೆ ಬಾಗಿಲಿಗೆ ಬರಬಹುದಿತ್ತು.

ಬಂದರು. ಆದರೆ ಬೇರೆಯವರು ಬಂದರು, ಮೈಕ್ರೋಫೈನಾನ್ಸ್ ಕಂಪನಿಗಳು. ಯೂನುಸ್ ಮೇಷ್ಟ್ರ ಐದು ಜನರ ಗುಂಪನ್ನು ಎತ್ತಿಕೊಂಡು, ಲಾಭದ ಅಂಗಡಿ ಮಾಡಿದರು. 2010ರಲ್ಲಿ ಪಕ್ಕದ ಆಂಧ್ರದಲ್ಲಿ ಅಂಥ ಒಂದು ಕಂಪನಿ ಷೇರು ಪೇಟೆಗೆ ಹೋಗಿ ಕೋಟಿಗಟ್ಟಲೆ ಎತ್ತಿತು. ಅದೇ ವರ್ಷ ವಸೂಲಿಯ ಕಾಟಕ್ಕೆ ಹೆಂಗಸರು ಸತ್ತ ಸುದ್ದಿಗಳು ಬಂದು, ಅಕ್ಟೋಬರಿನಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ನಮ್ಮ ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಅಂಥದೇ ಸುಗ್ರೀವಾಜ್ಞೆ ಬಂತು, ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ವಾರದ ಕಂತಿನ ದಿನ ನಮ್ಮ ಕೇರಿಗಳಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದ ನಾಲ್ವರು ಅವಳ ಮನೆ ಮುಂದೆ ಬಂದು ಕೂರುತ್ತಾರೆ. ಸಾಹುಕಾರನ ಆಳು ಮಾಡುತ್ತಿದ್ದ ಕೆಲಸವನ್ನು ಅಕ್ಕಪಕ್ಕದ ಗೆಳತಿಯರ ಕೈಲೇ ಮಾಡಿಸುತ್ತಾರೆ.

ಆ ಸಾಲದಿಂದ ಜೀವನ ಮೇಲೆ ಬಂತಾ? ಹೈದರಾಬಾದಿನ ಬಡಾವಣೆಗಳಲ್ಲಿ, ಮಂಗೋಲಿಯಾದಲ್ಲಿ, ಮೊರಾಕೋದಲ್ಲಿ, ಒಟ್ಟು ಆರು ದೇಶಗಳಲ್ಲಿ ನಡೆಸಿದ ಪರೀಕ್ಷೆಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಕೆಲವರ ಸಣ್ಣ ವ್ಯಾಪಾರಕ್ಕೆ ಅನುಕೂಲವಾಯಿತು, ಆದರೆ ಸರಾಸರಿ ಆದಾಯದಲ್ಲಿ ಬದುಕು ಬದಲಾಗುವಂಥ ಏರಿಕೆ ಕಾಣಲಿಲ್ಲ. ನಮ್ಮ ಅಮ್ಮಂದಿರು ಪರೀಕ್ಷೆ ಮಾಡದೇ ಇದನ್ನು ಹೇಳುತ್ತಾರೆ. ಕುರಿ ತಗೊಂಡರೆ ಮೇಯಿಸಲು ಗೋಮಾಳ ಎಲ್ಲಿದೆ? ಅಂಗಡಿ ಇಟ್ಟರೆ ಕೇರಿಯವಳ ಕೈಯ ಟೀ ಊರವರು ಕುಡಿಯುತ್ತಾರಾ? ಮುಂದಿನ ವಾರದಿಂದಲೇ ಕಂತು ಶುರುವಾದರೆ ಕುರಿ ಮರಿ ಹಾಕುವ ತನಕ ಯಾರು ಕಾಯುತ್ತಾರೆ? ಹೀಗಾಗಿ ಒಂದು ಕಂಪನಿಯ ಕಂತಿಗೆ ಇನ್ನೊಂದು ಕಂಪನಿಯ ಸಾಲ.

ಬಾಬಾಸಾಹೇಬರು 1918ರಲ್ಲೇ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಲೇಖನ ಬರೆದಿದ್ದರು. ತುಂಡು ಭೂಮಿಯೇ ರೋಗ ಅಂತ ಎಲ್ಲರೂ ಹೇಳುವಾಗ ಅವರು, ಹಿಡುವಳಿ ಸಣ್ಣದೋ ದೊಡ್ಡದೋ ಅನ್ನುವುದು ಎತ್ತು, ನೇಗಿಲು, ಬಂಡವಾಳ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ, ಭೂಮಿಯ ಮೇಲೆ ಬಿದ್ದಿರುವ ಕೈಗಳಿಗೆ ಕೈಗಾರಿಕೆಯಲ್ಲಿ ಕೆಲಸ ಬೇಕು ಅಂದರು. ಕೊರಿಯಾದಲ್ಲಿ ಮೊದಲು ಭೂಮಿ, ಆಮೇಲೆ ಓದು, ಆಮೇಲೆ ಕೈಗಾರಿಕೆಗೆ ಬಂಡವಾಳ ಬಂತು. ತೈವಾನಿನಲ್ಲೂ 1953ರಲ್ಲಿ ಉಳುವವನಿಗೆ ಭೂಮಿ ಕೊಟ್ಟು, ಧಣಿಗಳಿಗೆ ನೂರಕ್ಕೆ 70 ಪಾಲು ಬತ್ತ ಗೆಣಸಿನ ಬಾಂಡು, 30 ಪಾಲು ಸರ್ಕಾರಿ ಕಾರ್ಖಾನೆಗಳ ಷೇರು ಕೊಟ್ಟರು. ನಮ್ಮಲ್ಲಿ ಭೂಮಿಯನ್ನೂ ಓದನ್ನೂ ಹಾರಿಸಿಬಿಟ್ಟು, ಕೊನೆಯಲ್ಲಿ ಬರಬೇಕಾದ ಸಾಲವನ್ನು ಮೊದಲೇ, ಅದೂ ವಾರದ ಕಂತಿನಲ್ಲಿ ಕೊಟ್ಟು, ಅಭಿವೃದ್ಧಿಯಾಗಿ ಅನ್ನುತ್ತಾರೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರನಿಗೆ ಭೂಮಿ ಬಂತು ನಿಜ. ಗೇಣಿಯೂ ಸಿಗದೆ ಬರೀ ಕೂಲಿ ಮಾಡುತ್ತಿದ್ದವನಿಗೆ ಬರಲಿಲ್ಲ. ಆ ಬರೀ ಕೂಲಿಯವನು ಯಾವ ಜಾತಿಯವನಾಗಿದ್ದ?

ಹಾಗಾದರೆ ಬ್ಯಾಂಕಿನ ಬಾಗಿಲು ಬಿಟ್ಟುಬಿಡೋಣವಾ ಅಂತ ಒಬ್ಬ ಗೆಳೆಯ ಆಗಲೇ ಕೇಳಿದ. ಬಿಡಬಾರದು. ಅಲ್ಲಿರುವುದು ನಮ್ಮ ದುಡ್ಡು ಕೂಡ. 2014ರ ಜನಧನದಿಂದೀಚೆಗೆ ಕೇರಿಯ ಮನೆಮನೆಯಲ್ಲೂ ಪಾಸ್‌ಬುಕ್ ಇದೆ. ಕೂಲಿ, ಪಿಂಚಣಿ, ಸ್ಕಾಲರ್‌ಶಿಪ್ ಎಲ್ಲ ಅಲ್ಲಿಗೇ ಬೀಳುತ್ತೆ. ಪ್ರತಿ ಜಿಲ್ಲೆಗೂ ಒಂದು ಲೀಡ್ ಬ್ಯಾಂಕ್ ಇದೆ, 1969ರಿಂದ ಇರುವ ಏರ್ಪಾಡು. ಅದು ಪ್ರತಿ ವರ್ಷ ಜಿಲ್ಲೆಯ ಸಾಲ ಯೋಜನೆ ಅಂತ ಒಂದು ಪುಸ್ತಕ ಮಾಡುತ್ತೆ. ಈ ಜಿಲ್ಲೆಯ ಜನ ಇಟ್ಟ ನೂರು ರೂಪಾಯಿ ಠೇವಣಿಯಲ್ಲಿ ಎಷ್ಟು ಇಲ್ಲೇ ಸಾಲವಾಗಿ ಮರಳಿತು ಅನ್ನುವ ಅಂಕಿಯನ್ನೂ ಬ್ಯಾಂಕುಗಳು ಇಡುತ್ತವೆ. ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಶಾಖೆಗಳಲ್ಲಿ ಅದು 60 ಆದರೂ ಇರಲಿ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಉಳಿದದ್ದು ಎಲ್ಲಿಗೆ ಹೋಯಿತು, ಮರಳಿದ್ದರಲ್ಲಿ ಕೇರಿಗೆ ಎಷ್ಟು ಬಂತು ಅಂತ ನಾವು ಒಂದು ಸಲವೂ ಹೋಗಿ ಕೇಳಿಲ್ಲ.

ಆದ್ದರಿಂದ ಒಂದು ಕೆಲಸ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಕೇರಿಯ ಇಪ್ಪತ್ತು ಮನೆಯ ಲೆಕ್ಕ ತನ್ನಿ. ಹೆಸರು ಬೇಡ, ಯಾರ ಮರ್ಯಾದೆಯೂ ಹೋಗಬಾರದು. ಯಾರಿಂದ ಸಾಲ, ಎಷ್ಟು ಬಡ್ಡಿ, ಯಾತಕ್ಕೆ ತಗೊಂಡದ್ದು, ಯಾರು ಜಾಮೀನು, ಇಷ್ಟೇ ಬರೆಯಿರಿ. ಲೀಡ್ ಬ್ಯಾಂಕಿನ ಪುಸ್ತಕವನ್ನು ಮಾಹಿತಿ ಹಕ್ಕಿನಲ್ಲಿ ಕೇಳುವ ಅರ್ಜಿ ಬರೆದು ಇಟ್ಟಿದ್ದೇವೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚುವುದು ಬಾಕಿ. ಎರಡೂ ಬಂದ ಮೇಲೆ ಪಕ್ಕಪಕ್ಕ ಇಟ್ಟು ಓದೋಣ.